ನಾಲ್ಕನೇ ಬಾಟಲಿ ಸಿರಪ್

ಚಿಕ್ಕಮಗಳೂರಿನ ಮೆಡಿಕಲ್ ಶಾಪ್ ಒಂದರಲ್ಲಿ ನಾನು ಫಾರ್ಮಾಸಿಸ್ಟ್. ಕಾಫಿ ಕೊಯ್ಲಿನ ಸಮಯದಲ್ಲಿ ಕೆಮ್ಮಿನ ಸಿರಪ್ ಜಾಸ್ತಿ ಹೋಗುತ್ತದೆ. ಹಾಗಾಗಿ ಆ ಅಮ್ಮ ಮೂರು ಸಲ ಬಂದು ಕೇಳಿದಾಗ ಮೂರು ಸಲವೂ ಕೊಟ್ಟೆ. ಬೆಳಗಿನ ಮಂಜು, ಕಣದ ಧೂಳು ಅಂತ ಕಾರಣ ನಾನೇ ಊಹಿಸಿಕೊಂಡಿದ್ದೆ. ಅದು ನನ್ನ ತಪ್ಪು.

ನಾಲ್ಕನೇ ಸಲ ಬಂದಾಗ ಸೆರಗಿನ ಗಂಟು ಬಿಚ್ಚಿ, ದುಡ್ಡಿನ ಜೊತೆ ಒಂದು ಖಾಲಿ ಸ್ಟ್ರಿಪ್ ಇಟ್ಟರು.

"ಬಿ.ಪಿ. ಮಾತ್ರೆ ಕಣಪ್ಪ. ಮಗ ಬೆಂಗಳೂರಿಂದ ತರ್ತಿದ್ದ. ಇಲ್ಲಿ ಸಿಗುತ್ತಾ?"

ರಾಮಿಪ್ರಿಲ್. ಯಾವಾಗಿಂದ ಅಮ್ಮಾ ಅಂದೆ. ಗೌರಿ ಹಬ್ಬ ಆದಮೇಲಂತೆ. ಕೆಮ್ಮು ಶುರುವಾಗಿದ್ದು ಅದಾಗಿ ಸ್ವಲ್ಪ ದಿನಕ್ಕೆ. ಕಫ ಇಲ್ಲ, ಜ್ವರ ಇಲ್ಲ, ರಾತ್ರಿ ಗಂಟಲು ಕೆರೆತ.

ಶ್ವಾಸಕೋಶದ ಕೆಲಸ ಬರೀ ಉಸಿರಾಟ ಅಲ್ಲ. ಮೈಯೆಲ್ಲ ಸುತ್ತಿ ಬಂದ ರಕ್ತ ಅದರ ಸಣ್ಣ ಸಣ್ಣ ನಾಳಗಳನ್ನು ಹಾದೇ ಹೋಗಬೇಕು. ಆ ನಾಳಗಳ ಒಳಗೋಡೆಯ ಜೀವಕೋಶಗಳು ಎಸಿಇ ಎಂಬ ಕಿಣ್ವ ತಯಾರಿಸಿ ತಮ್ಮ ಮೈಮೇಲೇ ಇಟ್ಟುಕೊಂಡಿರುತ್ತವೆ. ಅದು ರಕ್ತದಲ್ಲಿರುವ ಆಂಜಿಯೋಟೆನ್ಸಿನ್ 1 ಎಂಬ ವಸ್ತುವನ್ನು ಆಂಜಿಯೋಟೆನ್ಸಿನ್ 2 ಆಗಿ ಬದಲಿಸುತ್ತದೆ, ಅದರಿಂದ ರಕ್ತನಾಳ ಬಿಗಿಯಾಗಿ ಬಿ.ಪಿ. ಏರುತ್ತದೆ. ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆದುಹಾಕುವುದೂ ಇದೇ ಕಿಣ್ವ. ರಾಮಿಪ್ರಿಲ್ ಈ ಕಿಣ್ವವನ್ನೇ ತಡೆಯುತ್ತದೆ. ಬಿ.ಪಿ. ಇಳಿಯುತ್ತದೆ, ಆದರೆ ಒಡೆಯದ ಬ್ರಾಡಿಕೈನಿನ್ ಕೆಲವರಲ್ಲಿ ಉಸಿರಿನ ಕೊಳವೆಯ ನರಗಳನ್ನು ಕೆರಳಿಸುತ್ತದೆ. ಅದಕ್ಕೇ ಒಣ ಕೆಮ್ಮು. ಇದಕ್ಕೆ ಸಿರಪ್ ಏನು ಮಾಡೀತು? ಓದುವಾಗ ಈ ಪಾಠ ಬಾಯಿಪಾಠ ಮಾಡಿದ್ದೆ. ಕೌಂಟರ್‌ನಲ್ಲಿ ನೆನಪಾಗಲೇ ಇಲ್ಲ.

ಸಿರಪ್ ಕೊಡಲಿಲ್ಲ. "ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಬಿ.ಪಿ. ಏರುತ್ತೆ. ಇವತ್ತೇ ಡಾಕ್ಟರಿಗೆ ತೋರಿಸಿ" ಅಂದು, ಚೀಟಿಯಲ್ಲಿ ಮಾತ್ರೆಯ ಹೆಸರು, ಕೆಮ್ಮು ಶುರುವಾದ ತಿಂಗಳು ಎರಡನ್ನೂ ಬರೆದು ಕೊಟ್ಟೆ. ಡಾಕ್ಟರು ಟೆಲ್ಮಿಸಾರ್ಟನ್‌ಗೆ ಬದಲಿಸಿದರು. ಅದು ಕಿಣ್ವದ ತಂಟೆಗೆ ಹೋಗುವುದಿಲ್ಲ, ಆಂಜಿಯೋಟೆನ್ಸಿನ್ 2 ಕೂರುವ ಜಾಗವನ್ನಷ್ಟೇ ಮುಚ್ಚುತ್ತದೆ. ಮೂರು ವಾರಕ್ಕೆ ಕೆಮ್ಮು ನಿಂತಿತು. ಕೆಲವರಿಗೆ ಇನ್ನೂ ಜಾಸ್ತಿ ದಿನ ಬೇಕಾಗುತ್ತದೆ.

ಈಗ ಯಾರು ಕೆಮ್ಮಿಕೊಂಡು ಬಂದರೂ ಬೇರೆ ಏನು ಮಾತ್ರೆ ತಗೊಳ್ತೀರಿ ಅಂತ ಮೊದಲು ಕೇಳುತ್ತೇನೆ. ಮೊನ್ನೆ ಅದೇ ಅಮ್ಮ ಪಕ್ಕದ ಮನೆಯವರ ಸ್ಟ್ರಿಪ್ ಹಿಡಿದು ಬಂದಿದ್ದರು. "ಅವಳೂ ತಿಂಗಳಿಂದ ಕೆಮ್ತಾಳೆ. ಇದೂ ಅದೇ ಜಾತಿ ಮಾತ್ರೆನಾ ನೋಡಪ್ಪ." ಅಮ್ಲೋಡಿಪಿನ್. ಅಲ್ಲ ಅಂದೆ. ಎರಡು ವಾರ ದಾಟಿದ ಕೆಮ್ಮು ಅಲ್ವಾ, ಕ್ಷಯ ಇದೆಯಾ ಅಂತ ನೋಡಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಲು ಹೇಳಿ ಕಳಿಸಿದೆ.