ಶೋರೂಮಿನ ರೇಂಜು, ರಸ್ತೆಯ ರೇಂಜು: ಲಕ್ಷದೊಳಗಿನ ಎಲೆಕ್ಟ್ರಿಕ್ ಬೈಕಿನ ಲೆಕ್ಕ

ನೋಡೋಕೆ ಮಾಮೂಲಿ ಬೈಕಿನ ಹಾಗೇ ಇರುವ, ಲಕ್ಷ ರೂಪಾಯಿ ಆಸುಪಾಸಿನ ಎಲೆಕ್ಟ್ರಿಕ್ ಗಾಡಿಗಳು ಈಗ ಸಿಗುತ್ತಿವೆ. 2024ರ ಸೆಪ್ಟೆಂಬರಿನಲ್ಲಿ ರಿವೋಲ್ಟ್ ಆರ್‌ವಿ1 ಬಂತು, ನವೆಂಬರಿನಲ್ಲಿ ಬೆಂಗಳೂರಿನದೇ ಆದ ಓಬೆನ್ ಕಂಪನಿಯ ರೋರ್ ಇಝಡ್ ಬಂತು. ಬಿಡುಗಡೆ ಹೊತ್ತಿಗೆ ಎಕ್ಸ್‌ಶೋರೂಮ್ ಬೆಲೆ ಒಂದಕ್ಕೆ 84,990 ರೂಪಾಯಿ, ಇನ್ನೊಂದಕ್ಕೆ 89,999ರಿಂದ ಶುರು. ಶೋರೂಮಿಗೆ ಹೋದವರೆಲ್ಲ ಮೊದಲು ಕೇಳುವುದು, "ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಓಡತ್ತೆ?" ಅಂತ. ಅವರು ಕೊಡುವ ಸಂಖ್ಯೆ, ಅಂದರೆ ರೇಂಜು, ಸುಳ್ಳೇನಲ್ಲ. ಆದರೆ ಅದು ನೀವು ಓಡಾಡುವ ರಸ್ತೆಯಲ್ಲಿ ಅಳೆದ ಸಂಖ್ಯೆಯಲ್ಲ.

ಬ್ಯಾಟರಿ ಎಷ್ಟು ಯೂನಿಟ್ಟಿನದು ಅಂತ ಕೇಳಿ. ಬ್ರೋಷರಿನಲ್ಲಿ ಕಿಲೋವ್ಯಾಟ್ ಅವರ್ ಅಂತ ಬರೆದಿರುವುದೂ ಕರೆಂಟ್ ಬಿಲ್ಲಿನ ಯೂನಿಟ್ಟೂ ಒಂದೇ. ಆರ್‌ವಿ1ರದು 2.2 ಯೂನಿಟ್ ಬ್ಯಾಟರಿ, ಕಂಪನಿ ಹೇಳುವ ರೇಂಜು 100 ಕಿ.ಮೀ. ಆರ್‌ವಿ1 ಪ್ಲಸ್‌ಗೆ 3.24 ಯೂನಿಟ್, 160 ಕಿ.ಮೀ. ರೋರ್ ಇಝಡ್‌ನಲ್ಲಿ ಬಿಡುಗಡೆ ಹೊತ್ತಿಗೆ 2.6, 3.4, 4.4 ಎಂದು ಮೂರು ಬಗೆ. ರೇಂಜು 110, 140, 175. ಭಾಗಿಸಿ ನೋಡಿ: ಎಲ್ಲವೂ ಕಿಲೋಮೀಟರಿಗೆ 20ರಿಂದ 25 ವ್ಯಾಟ್ ಅವರ್ (ಇಂಥ ಸಾವಿರ ಸೇರಿದರೆ ಒಂದು ಯೂನಿಟ್) ಲೆಕ್ಕಕ್ಕೇ ಬಂದು ನಿಲ್ಲುತ್ತವೆ. ಕಾರಣ ಇಷ್ಟೆ, ಈ ಸಂಖ್ಯೆಗಳು ಬರುವುದು ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನುವ ಪರೀಕ್ಷೆಯಿಂದ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ, ಅದರಲ್ಲಿ ವೇಗ ಗಂಟೆಗೆ 42 ಕಿ.ಮೀ. ದಾಟುವುದೇ ಇಲ್ಲ. ಎದುರುಗಾಳಿ ಇಲ್ಲ, ಹಿಂದೆ ಕೂತವರಿಲ್ಲ, ಹಂಪ್ಸ್ ಅಂತೂ ಇಲ್ಲವೇ ಇಲ್ಲ.

ರಸ್ತೆಯಲ್ಲಿ ಗಾಳಿಯ ತಡೆ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. ಸವಾರನೂ ಸೇರಿ 190 ಕೆ.ಜಿ. ತೂಗುವ ಬೈಕು ಸಮತಟ್ಟಾದ ರಸ್ತೆಯಲ್ಲಿ ಒಂದೇ ಸಮ 40ರಲ್ಲಿ ಹೋದರೆ ಕಿಲೋಮೀಟರಿಗೆ ಸುಮಾರು 23 ವ್ಯಾಟ್ ಅವರ್ ಸಾಕು. 60ರ ವೇಗಕ್ಕೆ ಅದು 40 ವ್ಯಾಟ್ ಅವರ್ ಹತ್ತಿರ ಹೋಗುತ್ತದೆ, 70ರ ವೇಗಕ್ಕೆ 50 ದಾಟುತ್ತದೆ. ಸಿಗ್ನಲ್, ಬ್ರೇಕು, ಮತ್ತೆ ಎಳೆತ ಎಲ್ಲ ಸೇರಿಸಿ ನಗರದ ಓಡಾಟಕ್ಕೆ 35 ಹಿಡಿಯಿರಿ, ಬ್ಯಾಟರಿಯಲ್ಲಿ ಶೇ. 10 ಕೈಗಾವಲಿಗೆ ಬಿಡಿ. ಆಗ 2.2 ಯೂನಿಟ್ಟಿಗೆ 57 ಕಿ.ಮೀ., 2.6ಕ್ಕೆ 67, 3.4ಕ್ಕೆ 87, 4.4ಕ್ಕೆ 113. ದಿನಾ ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರಿಗೆ 70 ಕಿ.ಮೀ. ಮೇಲೇ ಆಗುತ್ತದೆ, ಆಫೀಸಿನಲ್ಲಿ ಪ್ಲಗ್ ಸಿಗದಿದ್ದರೆ ಅವರು ಚಿಕ್ಕ ಬ್ಯಾಟರಿಯ ಕಡೆ ನೋಡಲೇಬಾರದು. ಹತ್ತು ಕಿಲೋಮೀಟರ್ ದೂರದ ಕೆಲಸಕ್ಕೆ ಹೋಗುವವರು 4.4ಕ್ಕೆ ದುಡ್ಡು ಸುರಿಯುವುದೂ ದಂಡ.

ಏರು ಇದ್ದರೆ ಲೆಕ್ಕ ಬೇರೆ. ನಂದಿಬೆಟ್ಟದ ತುದಿ 1,478 ಮೀಟರ್, ಬುಡದಿಂದ ಹೆಚ್ಚುಕಡಿಮೆ 500 ಮೀಟರ್ ಏರಬೇಕು. ಆ ಏರಿಗೆಂದೇ 300 ವ್ಯಾಟ್ ಅವರ್ ಮೇಲೆ ಖರ್ಚು, ಅಂದರೆ 2.6 ಯೂನಿಟ್ ಬ್ಯಾಟರಿಯ ಎಂಟನೇ ಒಂದು ಭಾಗ. ಇಳಿಯುವಾಗ ಮೋಟರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ತುಂಬುವ ರೀಜೆನ್‌ನಿಂದ ಒಂದಿಷ್ಟು ವಾಪಸ್ ಬರುತ್ತದೆ, ಆದರೆ ಹತ್ತಲು ಹೋದದ್ದರ ಅರ್ಧ ಬಂದರೂ ಹೆಚ್ಚು. ಮಡಿಕೇರಿಯಂಥ ಊರಲ್ಲಿ ಗುಡ್ಡದ ಮೇಲೆ ಮನೆ ಇರುವವರಿಗೆ ಇನ್ನೊಂದು ಕಿವಿಮಾತು: ಬೆಳಿಗ್ಗೆ ಶೇ. 100 ಚಾರ್ಜಿನಲ್ಲಿ ಇಳಿಜಾರಿಗೆ ಬಿದ್ದರೆ ರೀಜೆನ್ ಕೆಲಸ ಮಾಡುವುದಿಲ್ಲ. ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗವಿಲ್ಲ, ಹಾಗಾಗಿ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು, ಬಿಎಂಎಸ್, ತಡೆಯುತ್ತದೆ. ನಿನ್ನೆ ಸಂಜೆ ಎಕ್ಸಿಲರೇಟರ್ ಬಿಟ್ಟ ಕೂಡಲೇ ಹಿಡಿದು ನಿಲ್ಲಿಸುತ್ತಿದ್ದ ಗಾಡಿ ಇವತ್ತು ಬೆಳಿಗ್ಗೆ ಜಾರಿಕೊಂಡು ಹೋಗುತ್ತದೆ. ಕೆಟ್ಟಿದೆ ಅಂತ ಸರ್ವಿಸಿಗೆ ಒಯ್ಯುವವರಿದ್ದಾರೆ. ಅಲ್ಲಿ ಶೇ. 90ಕ್ಕೇ ಚಾರ್ಜ್ ನಿಲ್ಲಿಸಿದರೆ ಸಾಕು.

ಮಾಲೀಕರ ದೂರುಗಳಲ್ಲಿ ಪದೇ ಪದೇ ಬರುವುದು "ಶೇ. 18 ತೋರಿಸ್ತಿತ್ತು, ಒಂದು ಕಿಲೋಮೀಟರಿನಲ್ಲಿ 5ಕ್ಕೆ ಬಿತ್ತು" ಅನ್ನುವುದು. ಇದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗಳಲ್ಲಿ ಹೆಚ್ಚು. ಓಬೆನ್ ಬಳಸುವುದು ಈ ಬಗೆಯ ಸೆಲ್ಲನ್ನೇ. ಎಲ್‌ಎಫ್‌ಪಿ ಬಿಸಿ ತಡೆಯುತ್ತದೆ, ಬಾಳಿಕೆ ಹೆಚ್ಚು, ಬೆಂಕಿಯ ಭಯ ಕಡಿಮೆ. ಆದರೆ ಶೇ. 80ರಿಂದ 20ರವರೆಗೆ ಅದರ ವೋಲ್ಟೇಜ್ ಹೆಚ್ಚೇನೂ ಇಳಿಯುವುದಿಲ್ಲ. ಹಾಗಾಗಿ ಮೀಟರು ವೋಲ್ಟೇಜ್ ನೋಡಿ ಚಾರ್ಜ್ ಹೇಳಲಾಗದೆ, ಒಳಗೆ ಹೋದ ಕರೆಂಟು ಹೊರಗೆ ಬಂದ ಕರೆಂಟು ಎಣಿಸುತ್ತಾ ಕೂರಬೇಕು. ದಿನಾ ಅರ್ಧಂಬರ್ಧ ಚಾರ್ಜ್ ಮಾಡುತ್ತಿದ್ದರೆ ಆ ಎಣಿಕೆ ಸ್ವಲ್ಪ ಸ್ವಲ್ಪವೇ ತಪ್ಪುತ್ತಾ ಬರುತ್ತದೆ. ವಾರಕ್ಕೊಮ್ಮೆ ಪೂರ್ತಿ 100 ಮಾಡಿ, ಆಮೇಲೂ ಒಂದು ಗಂಟೆ ಚಾರ್ಜರ್ ಹಾಕೇ ಬಿಡಿ. ಸೆಲ್ಲುಗಳು ಸಮ ಆಗುತ್ತವೆ, ಎಣಿಕೆಯೂ ಸರಿಹೋಗುತ್ತದೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಸೆಲ್ಲಿನ ಗಾಡಿಯಾದರೆ ಪದ್ಧತಿ ಉಲ್ಟಾ: ದಿನಾ 80–90ಕ್ಕೆ ನಿಲ್ಲಿಸಿ, ದೂರ ಹೋಗುವ ದಿನ ಮಾತ್ರ ಪೂರ್ತಿ ತುಂಬಿಸಿ. ಯಾವ ಸೆಲ್ಲು ಅನ್ನುವುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಸೇಲ್ಸ್‌ನವರು "ಲಿಥಿಯಂ ಅಯಾನ್ ಸಾರ್" ಅಂದರೆ ಅದು ಉತ್ತರವಲ್ಲ, ಎರಡೂ ಲಿಥಿಯಂ ಅಯಾನೇ. ಊರಿಗೆ ಹೋಗಿ ತಿಂಗಳು ಬಿಡುವುದಿದ್ದರೆ ಯಾವುದೇ ಆಗಲಿ 50–60ರಲ್ಲಿ ನಿಲ್ಲಿಸಿ ಹೋಗಿ.

ಇನ್ನು ಪ್ಲಗ್ ಪಾಯಿಂಟು. ಬೈಕಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು, ಯಾರೂ ಕೆಡಿಸಿಕೊಳ್ಳುವುದಿಲ್ಲ. 750 ವ್ಯಾಟಿನ ಚಾರ್ಜರ್ ಮೂರೂವರೆ ಆಂಪ್ ಎಳೆಯುತ್ತದೆ, ಅದೂ ನಾಲ್ಕು ಗಂಟೆ ಬಿಡದೆ. ಇಸ್ತ್ರಿ ಪೆಟ್ಟಿಗೆ ಇದಕ್ಕಿಂತ ಹೆಚ್ಚು ಎಳೆದರೂ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ. ಫಾಸ್ಟ್ ಚಾರ್ಜರ್ ಆದರೆ 6–7 ಆಂಪ್, ಅದಕ್ಕೆ 5 ಆಂಪ್ ಸಾಕೆಟ್ ನಡೆಯುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಪಿನ್ನು ಹಿಡಿಯುವ ಹಿತ್ತಾಳೆ ಪಟ್ಟಿ ಸಡಿಲವಾದರೆ ಅಲ್ಲಿ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲ. ತೂತಿನ ಸುತ್ತ ಕಂದು ಉಂಗುರ ಕಂಡರೆ ಆ ಬಾಕ್ಸಿನ ಆಯುಸ್ಸು ಮುಗಿಯಿತು. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳು ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಅವತ್ತೇ ಬದಲಿಸಿ. ಮೀಟರ್ ಬೋರ್ಡಿನಿಂದ ನೇರ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು, ಲೋಡ್ ಹೆಚ್ಚಾದರೆ ಟ್ರಿಪ್ ಆಗುವ 16 ಆಂಪ್ ಎಂಸಿಬಿ, ಕರೆಂಟ್ ಸೋರಿದರೆ ಟ್ರಿಪ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ, 15 ಆಂಪ್ ಸಾಕೆಟ್ ಹಾಕಿಸಿ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಬರುತ್ತೆ ಅಂತ ಮೀಟರಿನಲ್ಲಿ ನೋಡಿಸಿ. ಎರಡು ಮೂರು ವೋಲ್ಟ್ ದಾಟಿದರೆ ಅರ್ಥಿಂಗ್ ಗುಂಡಿಗೆ ನೀರು ಕಾಣದೆ ಎಷ್ಟು ಬೇಸಿಗೆ ಆಯಿತೋ ವಿಚಾರಿಸಿ. ಅರ್ಥ್ ಸರಿಯಿಲ್ಲದೆ ಚಾರ್ಜರ್ ಶುರುವೇ ಆಗದಿರುವುದುಂಟು, ಗಾಡಿಯ ಮೈ ಮುಟ್ಟಿದರೆ ಜುಂ ಅನ್ನುವುದೂ ಉಂಟು.

ಖರ್ಚಿನ ವಿಷಯ. ದಿನಕ್ಕೆ 40 ಕಿ.ಮೀ.ಯಂತೆ 26 ದಿನ ಓಡಿಸಿದರೆ 1,040 ಕಿ.ಮೀ., ಬ್ಯಾಟರಿಯಿಂದ 36 ಯೂನಿಟ್. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ ಗೋಡೆಯ ಮೀಟರಿನಲ್ಲಿ 42. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 250 ರೂಪಾಯಿ ಚಿಲ್ಲರೆ. ಲೀಟರಿಗೆ 50 ಕೊಡುವ ಪೆಟ್ರೋಲ್ ಬೈಕಿಗೆ ಇಷ್ಟೇ ದೂರಕ್ಕೆ 21 ಲೀಟರ್ ಬೇಕು. ಆದರೆ ಕರ್ನಾಟಕದಲ್ಲಿ ಒಂದು ತೊಡಕಿದೆ, ಗೃಹಜ್ಯೋತಿ. ಹೆಚ್ಚಿನ ಮನೆಗಳಿಗೆ ಉಚಿತ ಯೂನಿಟ್ ನಿಗದಿಯಾಗಿರುವುದು 2022–23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಈಗಲೇ 165 ಯೂನಿಟ್ ಉರಿಸುವ ಮನೆಗೆ ಬೈಕಿನ 42 ಸೇರಿದರೆ 207. ಆಗ ಬೈಕು 250 ರೂಪಾಯಿಯದಲ್ಲ, ಇಡೀ ಮನೆಯ ಬಿಲ್ಲೇ ಬೈಕಿನ ಖರ್ಚು. ಹೀಗಿರುವವರು ತಿಂಗಳಲ್ಲಿ ನಾಲ್ಕೈದು ಸಲ ಆಫೀಸಿನಲ್ಲಿ ಚಾರ್ಜ್ ಮಾಡಿಕೊಂಡರೂ ಗೆರೆಯೊಳಗೆ ಉಳಿಯಬಹುದು.

ಮೋಟರ್ ಎಲ್ಲಿದೆ ನೋಡಿ. ಹಿಂದಿನ ಚಕ್ರದೊಳಗೇ ಇದ್ದರೆ ಹಬ್ ಮೋಟರ್. ಚೈನಿನ ರಗಳೆ ಇಲ್ಲ, ಆದರೆ ಚಕ್ರ ಭಾರ, ಗುಂಡಿಗೆ ಬಿದ್ದಾಗ ಹಿಂದೆ ಕುಟ್ಟುತ್ತದೆ, ಚಕ್ರ ಬಿಚ್ಚಬೇಕಾದರೆ ವೈರಿನ ಕನೆಕ್ಟರ್ ಕೂಡ ಬಿಚ್ಚಬೇಕು. ಪಂಕ್ಚರ್ ಅಂಗಡಿಯವರು ಎಷ್ಟೋ ಜನ ಮುಟ್ಟುವುದೇ ಇಲ್ಲ. ಟ್ಯೂಬ್‌ಲೆಸ್ ಟೈರು ಇದ್ದರೆ ಬಚಾವ್. ಆರ್‌ವಿ1ರ ಹಾಗೆ ನಡುವೆ ಮೋಟರ್ ಇಟ್ಟು ಚೈನಿನಿಂದ ಓಡಿಸುವ ಗಾಡಿಯಲ್ಲಿ ಏರು ಸಲೀಸು, ಆದರೆ ಚೈನಿಗೆ ಎರಡು ಕಡೆಯ ಎಳೆತ: ಹೋಗುವಾಗ ಮೇಲಿನ ಭಾಗಕ್ಕೆ, ರೀಜೆನ್ ಆಗುವಾಗ ಕೆಳಗಿನ ಭಾಗಕ್ಕೆ. ಚೈನು ಸಡಿಲವಾಗಿದ್ದರೆ ಎಕ್ಸಿಲರೇಟರ್ ಬಿಟ್ಟಾಗೊಮ್ಮೆ ಹಿಡಿದಾಗೊಮ್ಮೆ ಟಕ್ ಅಂತ ಸದ್ದು. ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಅದು ಮೋಟರೇ ಒಡೆದ ಹಾಗೆ ಕೇಳಿಸುತ್ತದೆ. 500 ಕಿ.ಮೀ.ಗೊಮ್ಮೆ ಚೈನ್ ಲ್ಯೂಬ್ ಹಾಕಿ, ಬಿಗಿ ಎಷ್ಟಿರಬೇಕು ಅಂತ ಮ್ಯಾನ್ಯುಯಲ್ ನೋಡಿ. ಹೆಚ್ಚು ಬಿಗಿ ಮಾಡಿದರೆ ಬೇರಿಂಗಿಗೆ ಪೆಟ್ಟು.

"ಬ್ಯಾಟರಿ ಫುಲ್ ಇದೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ" ಅನ್ನುವಾಗ ಟೋಯಿಂಗ್ ಕರೆಯುವ ಮೊದಲು ಹಿಂದಿನ ಬ್ರೇಕ್ ಲೈಟ್ ನೋಡಿ. ಲಿವರ್ ಬಿಟ್ಟ ಮೇಲೂ ಉರಿಯುತ್ತಿದ್ದರೆ ಬ್ರೇಕ್ ಸ್ವಿಚ್ ಅಂಟಿಕೊಂಡಿದೆ. ಬ್ರೇಕ್ ಹಿಡಿದಿದ್ದಾರೆ ಅಂದುಕೊಂಡು ಕಂಟ್ರೋಲರ್ ಮೋಟರಿಗೆ ಕರೆಂಟ್ ಬಿಡುವುದಿಲ್ಲ. ಮಳೆಗಾಲದ ಕೆಸರಿನಲ್ಲಿ ಇದು ಮಾಮೂಲು, ಲಿವರನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಸೈಡ್ ಸ್ಟ್ಯಾಂಡ್ ಸೆನ್ಸರ್, ಅಲ್ಲೂ ಕೆಸರೇ. ಡಿಸ್‌ಪ್ಲೇಯೇ ಬರದಿದ್ದರೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುವ ಗಾಡಿಯಲ್ಲಿ ಅದು ಸತ್ತಿರುತ್ತದೆ, ದೊಡ್ಡದರಲ್ಲಿ ಎಷ್ಟೇ ಚಾರ್ಜ್ ಇದ್ದರೂ ಪ್ರಯೋಜನವಿಲ್ಲ. ಇದ್ಯಾವುದೂ ಅಲ್ಲದೆ ಆನ್ ಮಾಡಿದ ಕೂಡಲೇ ಎರರ್ ಬಂದರೆ ಎಕ್ಸಿಲರೇಟರ್ ಎಷ್ಟು ತಿರುಗಿದೆ ಅಂತ ಹೇಳುವ ಹಾಲ್ ಸೆನ್ಸರ್ ಮೇಲೆ ಅನುಮಾನ ಪಡಿ.

ಧೂಳು, ನೀರು ತಡೆಯುವುದಕ್ಕೆ ಕೊಡುವ ಐಪಿ67 ಗುರುತು ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಅಂತ. ವಾಟರ್ ವಾಶ್ ಅಂಗಡಿಯ ಪ್ರೆಶರ್ ಗನ್ನಿಗೆ ಆ ಮಾತು ಅನ್ವಯಿಸುವುದಿಲ್ಲ, ಆ ಪರೀಕ್ಷೆಯೇ ಬೇರೆ. ಮಳೆಯಲ್ಲಿ ಕೆಡದ ಗಾಡಿ ಭಾನುವಾರದ ವಾಶಿಂಗಿನಲ್ಲಿ ಕೆಡಬಹುದು. ಬಕೆಟ್ಟು ಬಟ್ಟೆ ಸಾಕು, ಚಾರ್ಜಿಂಗ್ ಮುಚ್ಚಳ ಒರೆಸಿ ಒಣಗಿದ ಮೇಲೆ ಪ್ಲಗ್ ಹಾಕಿ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೋಟರಿನ ಕಿಲೋವ್ಯಾಟ್ ಮೇಲೆ ನಿಗದಿ: 2022ರ ದರಪಟ್ಟಿಯಲ್ಲಿ 3 ಕಿಲೋವ್ಯಾಟ್‌ವರೆಗೆ ವರ್ಷಕ್ಕೆ 457 ರೂಪಾಯಿ, 3ರಿಂದ 7ಕ್ಕೆ 607. "ಆರ್‌ಟಿಒ ಬೇಡ, ಲೈಸೆನ್ಸ್ ಬೇಡ" ಅಂತ ಮಾರುವ ಗಾಡಿ 25 ಕಿ.ಮೀ. ವೇಗ, 250 ವ್ಯಾಟಿನೊಳಗೆ ಇರಬೇಕಾದದ್ದು. ಅದು 50ರಲ್ಲಿ ಓಡಿದರೆ ಯಾರೋ ಮಿತಿ ಕಿತ್ತಿದ್ದಾರೆ ಅಂತಲೇ ಅರ್ಥ, ಅಪಘಾತವಾದರೆ ಕ್ಲೇಮ್ ಕಷ್ಟ. ಬ್ಯಾಟರಿ ವಾರಂಟಿಯಲ್ಲಿ ವರ್ಷದ ಜೊತೆ ಕಿಲೋಮೀಟರ್ ಮಿತಿ ಎಷ್ಟು, ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ, ಗಾಡಿ ಮಾರಿದರೆ ವಾರಂಟಿ ಹೊಸಬರಿಗೆ ಹೋಗುತ್ತದೆಯೇ ಅನ್ನುವ ಮೂರನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಿಡಿ ಬ್ಯಾಟರಿಗೆ ಜಿಎಸ್‌ಟಿ ಶೇ. 18, ಗಾಡಿಯ ಹಾಗೆ 5 ಅಲ್ಲ.

ಟೆಸ್ಟ್ ರೈಡಿಗೆ ಒಬ್ಬರೇ ಹೋಗಬೇಡಿ. ದಿನಾ ಹಿಂದೆ ಕೂರುವವರನ್ನೇ ಕೂರಿಸಿಕೊಂಡು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ, ಹಂಪ್ಸ್ ಮೇಲೆ ತಳ ತಾಗುತ್ತದೆಯೇ ಕೇಳಿಸಿಕೊಳ್ಳಿ. ಚಾರ್ಜ್ ಶೇ. 30ರ ಕೆಳಗಿರುವ ಗಾಡಿಯನ್ನೇ ಕೇಳಿ ಪಡೆಯಿರಿ; ಪೂರ್ತಿ ತುಂಬಿದ ಡೆಮೊ ಗಾಡಿ ಎಳೆಯುವಷ್ಟು ಅದು ಎಳೆಯದಿರಬಹುದು, ಸಂಜೆ ಆಫೀಸಿನಿಂದ ಮನೆಗೆ ಕರೆತರುವುದು ಅದೇ ಎಳೆತ. ಡೆಲಿವರಿ ದಿನ ಬ್ಯಾಟರಿಯ ಜೊತೆಗೆ ಚಾರ್ಜರಿನ ಸೀರಿಯಲ್ ನಂಬರನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಚಾರ್ಜರಿನ ವಾರಂಟಿ ಬೇರೆಯೇ ಇರುತ್ತದೆ, ಕ್ಲೇಮಿಗೆ ಹೋದಾಗ ಆ ನಂಬರ್ ಕೇಳುತ್ತಾರೆ, ಅಷ್ಟರಲ್ಲಿ ಸ್ಟಿಕ್ಕರ್ ಬಿಸಿಗೆ ಮಾಸಿರುತ್ತದೆ.