ಹಡಗಿನವರಿಗೆ ಹಬ್ಬಕ್ಕೆ ಏನು ಕೊಡಬೇಕು?

ನವೆಂಬರ್ ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರತೊಡಗುತ್ತದೆ. "ಡಿಸೆಂಬರ್ ರಜೆಗೆ ಸಿಂಗಪುರದಿಂದ ಕ್ರೂಸ್ ಹತ್ತುತ್ತಿದ್ದೇವೆ. ಅಲ್ಲಿ ಕೆಲಸ ಮಾಡುವವರಿಗೆ ಟಿಪ್ಸ್ ಎಷ್ಟು ಕೊಡಬೇಕು? ಕ್ರಿಸ್ಮಸ್ ಬೇರೆ, ಏನಾದರೂ ಉಡುಗೊರೆ ತೆಗೆದುಕೊಂಡು ಹೋಗಬೇಕೇ?" ಸಮುದ್ರವೇ ಇಲ್ಲದ ಬೆಂಗಳೂರಿನಿಂದ ಹಡಗು ಹತ್ತುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಕೆಲವರು ಮುಂಬೈಗೋ ಚೆನ್ನೈಗೋ ಹೋಗಿ ಹತ್ತುತ್ತಾರೆ, ಕೆಲವರು ಸಿಂಗಪುರಕ್ಕೆ ವಿಮಾನದಲ್ಲಿ ಹೋಗುತ್ತಾರೆ. ನಾನು ಎಂಟು ವರ್ಷ ಕ್ರೂಸ್ ಹಡಗುಗಳಲ್ಲಿ ಕ್ಯಾಬಿನ್ ಸ್ಟೀವರ್ಡ್, ಅಂದರೆ ಪ್ರಯಾಣಿಕರ ಕೋಣೆಗಳನ್ನು ನೋಡಿಕೊಳ್ಳುವವನು, ಆಗಿದ್ದೆ. 2020ರಲ್ಲಿ ಹಡಗುಗಳೆಲ್ಲ ನಿಂತಾಗ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಈಗ ಮಲ್ಲೇಶ್ವರದ ಒಂದು ಲಾಡ್ಜಿನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ಆದ್ದರಿಂದ ಪ್ರಶ್ನೆ ನನ್ನ ಬಳಿಗೇ ಬರುತ್ತದೆ. ಫೋನಿನಲ್ಲಿ ಹೇಳಿದ್ದು ಎಂದೂ ಪೂರ್ತಿಯಾಗುವುದಿಲ್ಲ. ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ದಿನದ ಗ್ರಾಚ್ಯುಯಿಟಿಯ ಮಾತು. ಅದು ಇತ್ಯರ್ಥವಾಗದೆ ಉಡುಗೊರೆಯ ಮಾತಿಗೆ ಅರ್ಥವಿಲ್ಲ. ನಮ್ಮಲ್ಲಿ ಗ್ರಾಚ್ಯುಯಿಟಿ ಎಂದರೆ ನಿವೃತ್ತರಾದಾಗ ಬರುವ ಹಣ. ಹಡಗಿನಲ್ಲಿ ಅದು ಬೇರೆ, ಸಿಬ್ಬಂದಿಗೆಂದು ದಿನಕ್ಕಿಷ್ಟು ಎಂದು ಹಿಡಿಯುವ ಟಿಪ್ಸ್. ಅಮೆರಿಕದ ದೊಡ್ಡ ಕಂಪನಿಗಳ ಹಡಗಿನಲ್ಲಿ ಪ್ರತಿ ಪ್ರಯಾಣಿಕನ ಲೆಕ್ಕಕ್ಕೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಸೇರುತ್ತದೆ. ಸೂಟ್ ಎಂಬ ದೊಡ್ಡ ಕೋಣೆ ತೆಗೆದುಕೊಂಡರೆ ಇನ್ನೂ ಹೆಚ್ಚು. ಬಾರಿನ ಬಿಲ್ಲಿಗೆ ಶೇಕಡ 18 ಅಥವಾ 20 ಪ್ರತ್ಯೇಕವಾಗಿ ಸೇರುತ್ತದೆ. ಮಕ್ಕಳಿಗೂ ದೊಡ್ಡವರಷ್ಟೇ ಎನ್ನುವುದು ಸಾಮಾನ್ಯ ನಿಯಮ. ನಾಲ್ಕು ಜನರ ಮನೆ, ಏಳು ರಾತ್ರಿ, ದಿನಕ್ಕೆ 18 ಡಾಲರ್ ಎಂದಿಟ್ಟುಕೊಳ್ಳಿ: 504 ಡಾಲರ್. ನಮ್ಮ ಹಣದಲ್ಲಿ ನಲವತ್ತು ಸಾವಿರ ರೂಪಾಯಿಗೂ ಮಿಕ್ಕುತ್ತದೆ. ಟಿಕೆಟ್ ಕೊಳ್ಳುವಾಗ ಇದನ್ನು ಗಮನಿಸದೆ ಕೊನೆಯ ರಾತ್ರಿ ಬಿಲ್ ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ಎಲ್ಲ ಕಂಪನಿಗಳೂ ಹೀಗಿಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಲ್ಲಿ ಈ ದಿನದ ಟಿಪ್ಸನ್ನು ಕೈಬಿಟ್ಟು ಟಿಕೆಟ್ಟಿನ ದರದಲ್ಲೇ ಸೇರಿಸಿತು. ನೀವು ಹತ್ತುವ ಹಡಗಿನ ಪದ್ಧತಿ ಯಾವುದು ಎಂದು ಬುಕಿಂಗ್ ಮಾಡುವಾಗಲೇ ಕೇಳಿ, ಆಗಲೇ ಕಟ್ಟಿಬಿಡುವುದು ಒಳ್ಳೆಯದು.

ಈ ಹಣವನ್ನು ಬಿಲ್ಲಿನಿಂದ ತೆಗೆಸುವ ಅವಕಾಶ ಹಲವು ಹಡಗುಗಳಲ್ಲಿ ಉಂಟು. ಕೊನೆಯ ಸಂಜೆ ಗೆಸ್ಟ್ ಸರ್ವಿಸ್ ಕೌಂಟರಿನ ಮುಂದೆ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಕನ್ನಡ ಮಾತು ಕೇಳಿಬಂದ ದಿನಗಳೂ ಇವೆ. ಎರಡು ದಿನ ನನ್ನನ್ನು "ತಮ್ಮಾ" ಎಂದು ಕರೆದ ಬಾಯಿಗಳೇ ಅಲ್ಲಿ ನಿಂತಿದ್ದವು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಲೆಕ್ಕ ಹೀಗಿತ್ತು: ಕಂಪನಿಗೆ ಹೋಗುವ ಹಣವನ್ನು ತಪ್ಪಿಸಿ, ನಮ್ಮ ಹುಡುಗನ ಕೈಗೆ ನೇರವಾಗಿ ಇಪ್ಪತ್ತು ಡಾಲರ್ ಕೊಟ್ಟರಾಯಿತು. ಲೆಕ್ಕ ತಪ್ಪು. ಆ ಹಣ ಕ್ಯಾಬಿನ್ ಸ್ಟೀವರ್ಡ್, ಊಟದ ಮೇಜಿನ ವೇಟರ್, ಅವನ ಸಹಾಯಕ, ಇನ್ನೂ ಎಷ್ಟೋ ಜನರ ನಡುವೆ ಹಂಚಿಹೋಗುತ್ತದೆ. ನಮ್ಮಂಥವರ ತಿಂಗಳ ಗಳಿಕೆಯಲ್ಲಿ ಅದರದೇ ದೊಡ್ಡ ಪಾಲು. ಕೆಲವು ಕಂಪನಿಗಳಲ್ಲಿ, ಕೋಣೆಯ ಪ್ರಯಾಣಿಕರು ದಿನದ ಹಣವನ್ನು ತೆಗೆಸಿದ್ದರೆ ಅವರು ಕೈಗೆ ಕೊಟ್ಟ ನೋಟನ್ನೂ ಹಂಚಿಕೆಯ ಲೆಕ್ಕಕ್ಕೆ ಒಪ್ಪಿಸಬೇಕು. ಅಂದರೆ ಪ್ರೀತಿಯಿಂದ ಕೊಟ್ಟ ಇಪ್ಪತ್ತು ಡಾಲರೂ ಅವನ ಜೇಬಿನಲ್ಲಿ ನಿಲ್ಲುವುದಿಲ್ಲ.

ನಮ್ಮೂರಿನ ಪದ್ಧತಿಯಲ್ಲೇ ನೋಡಿ. ಆಯುಧಪೂಜೆಗೆ ಅಂಗಡಿಯ ಹುಡುಗನಿಗೆ ಕಡಲೆಪುರಿ, ಸಿಹಿ, ಬೋನಸ್ ಕವರು ಕೊಡುತ್ತೇವೆ. ದೀಪಾವಳಿಗೆ ಮನೆಕೆಲಸದ ಅಮ್ಮನಿಗೆ ಸೀರೆ ಕೊಡುತ್ತೇವೆ. ಸೀರೆ ಕೊಟ್ಟೆವೆಂದು ಆ ತಿಂಗಳ ಸಂಬಳವನ್ನು ಯಾರೂ ಹಿಡಿದುಕೊಳ್ಳುವುದಿಲ್ಲ. ಹಡಗಿನ ದಿನದ ಗ್ರಾಚ್ಯುಯಿಟಿ ಸಂಬಳ. ಸೀರೆಯ ಮಾತು ಅದರ ನಂತರ. ಸಂಬಳವನ್ನು ಕಂಪನಿಯೇ ಪೂರ್ತಿ ಕೊಡಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು, ನನ್ನದೂ ಅದೇ ಅಭಿಪ್ರಾಯ. ಆದರೆ ಆ ಜಗಳವನ್ನು ಕಂಪನಿಯೊಡನೆ ಆಡಿ. ಆರೇಳು ತಿಂಗಳು, ಒಂಬತ್ತು ತಿಂಗಳು ವಾರದ ರಜೆಯೇ ಇಲ್ಲದೆ ದುಡಿಯುವವನ ಲೆಕ್ಕದಲ್ಲಿ ಅದನ್ನು ಆಡಬೇಡಿ. ನಾವಿಕರ ದುಡಿಮೆಗೆ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. 2006ರಲ್ಲಿ ಆದದ್ದು, ಭಾರತ 2015ರಲ್ಲಿ ಒಪ್ಪಿಕೊಂಡಿತು. ಆ ಒಪ್ಪಂದದ ಪ್ರಕಾರವೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಯವರೆಗೆ ದುಡಿಸಬಹುದು.

ಸಂಬಳ ಸರಿಹೋಯಿತು ಎಂದಿಟ್ಟುಕೊಂಡು ಉಡುಗೊರೆಗೆ ಬರೋಣ. ನನ್ನ ಅನುಭವದಲ್ಲಿ ಮೂರು ನಾಲ್ಕು ರಾತ್ರಿಯ ಪ್ರಯಾಣಕ್ಕೆ ಕೋಣೆಯ ಸ್ಟೀವರ್ಡಿಗೆ ಹತ್ತು ಡಾಲರ್, ಒಂದು ವಾರಕ್ಕೆ ಇಪ್ಪತ್ತರಿಂದ ನಲವತ್ತು ಒಳ್ಳೆಯ ಮೊತ್ತ. ತಲೆಗಿಷ್ಟು ಎಂದಲ್ಲ, ಕೋಣೆಗಿಷ್ಟು. ಕ್ರಿಸ್ಮಸ್ ವಾರದಲ್ಲಿ ಕೈ ಸ್ವಲ್ಪ ಧಾರಾಳವಾಗಲಿ. ಆ ವಾರ ಹಡಗು ತುಂಬಿರುತ್ತದೆ, ಮೂರನೆಯ ನಾಲ್ಕನೆಯ ಹಾಸಿಗೆಗಳೂ ಖಾಲಿ ಇರುವುದಿಲ್ಲ, ಟವೆಲ್ಲುಗಳು ಎರಡರಷ್ಟು. ಪ್ರತಿ ರಾತ್ರಿ ಒಂದೇ ಮೇಜಿನಲ್ಲಿ ಊಟ ಮಾಡಿದ್ದರೆ ಅಲ್ಲಿನ ವೇಟರ್ ಮತ್ತು ಸಹಾಯಕನಿಗೆ ಬೇರೆ ಬೇರೆ ಕವರು ಕೊಡಿ, ಒಬ್ಬನ ಕೈಗೆ ಕೊಟ್ಟು ಹಂಚಿಕೊಳ್ಳಿ ಎನ್ನಬೇಡಿ. ಮಕ್ಕಳ ಕ್ಲಬ್ಬಿನವರು ಎಷ್ಟೋ ಹಡಗುಗಳಲ್ಲಿ ದಿನದ ಹಂಚಿಕೆಯಲ್ಲಿ ಇರುವುದಿಲ್ಲ. ನಿಮ್ಮ ಮಗು ದಿನವೂ ಅಲ್ಲಿ ಆಡಿದ್ದರೆ ಅವರನ್ನು ನೆನೆಯಿರಿ. ಕ್ಯಾಪ್ಟನ್, ಅಧಿಕಾರಿಗಳಿಗೆ ಹಣ ಕೊಡುವ ಪದ್ಧತಿ ಇಲ್ಲ.

ನೋಟು ಡಾಲರಿನದಿರಲಿ, ಇಲ್ಲವೇ ಆ ಹಡಗಿನ ಲೆಕ್ಕ ನಡೆಯುವ ಹಣದ್ದಿರಲಿ. ನಾಣ್ಯ ಬೇಡ, ಹೊರದೇಶದ ನಾಣ್ಯವನ್ನು ಯಾರೂ ಬದಲಿಸಿಕೊಡುವುದಿಲ್ಲ. ಆದರೆ ಒಂದು ನಾಣ್ಯಕ್ಕೆ ಮಾತ್ರ ನನ್ನ ಅಡ್ಡಿಯಿಲ್ಲ. ನಾವು ಮುಯ್ಯಿಗೆ ಬಳಸುತ್ತೇವಲ್ಲ, ಮೂಲೆಗೆ ಒಂದು ರೂಪಾಯಿ ಅಂಟಿಸಿದ ಕವರು, ಅದರಲ್ಲೇ ನೋಟು ಇಟ್ಟು ಕೊಡಿ. ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಫಿಲಿಪೀನ್ಸಿನ ಗೆಳೆಯನಿಗೆ ಬಸವನಗುಡಿಯ ಕಡೆಯ ಕುಟುಂಬವೊಂದು ಅಂಥ ಕವರು ಕೊಟ್ಟಿತ್ತು. ಆ ನಾಣ್ಯ ಯಾಕೆ ಎಂದು ಕೇಳಿದ. ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು, ಮುಂದೆ ಬೆಳೆಯಬೇಕು ಎಂಬ ನಂಬಿಕೆ ಎಂದು ಹೇಳಿದೆ. ಕವರಿನ ಆ ಮೂಲೆಯನ್ನು ಕತ್ತರಿಸಿ ನಮ್ಮ ಕೋಣೆಯ ಕನ್ನಡಿಯ ಅಂಚಿಗೆ ಸಿಕ್ಕಿಸಿದ. ಕರಾರು ಮುಗಿಸಿ ಹೋಗುವಾಗ ಅದನ್ನು ಮರೆಯದೆ ಒಯ್ದ.

ಇನ್ನು ತಿಂಡಿ. ಎಲ್ಲ ಅಮ್ಮಂದಿರೂ ಅಕ್ಕಂದಿರೂ ಕೇಳುವುದು ಇದನ್ನೇ: "ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ತಂದುಕೊಡಲೇ?" ಕೈಮುಗಿದು ಬೇಡ ಎನ್ನುತ್ತೇನೆ. ಮನೆಯಲ್ಲಿ ಮಾಡಿದ ತಿನಿಸನ್ನು ಹಡಗಿನೊಳಕ್ಕೆ ತರಲು ಬಹುತೇಕ ಕಂಪನಿಗಳು ಬಿಡುವುದಿಲ್ಲ. ಅಮೆರಿಕದ ಬಂದರಿಗೆ ಹೋಗುವ ಹಡಗುಗಳನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿ 1970ರ ದಶಕದಿಂದ ನೈರ್ಮಲ್ಯದ ತಪಾಸಣೆಗೆ ಒಳಪಡಿಸುತ್ತಿದೆ. 100ಕ್ಕೆ 86 ಅಂಕ ಬಂದರೆ ಪಾಸು, 85 ಬಂದರೆ ಇಲ್ಲ. ಆ ಭಯ ನಮ್ಮ ಕೋಣೆಗಳವರೆಗೂ ಇಳಿಯುತ್ತಿತ್ತು. ಕೆಳಗಿನ ಡೆಕ್ಕಿನಲ್ಲಿ ಇಬ್ಬರಿಗೆ ಒಂದು ಪುಟ್ಟ ಕೋಣೆ, ಅದಕ್ಕೂ ತಪಾಸಣೆ, ತೆರೆದ ಡಬ್ಬಿ ಕಂಡರೆ ಬಿಸಾಡಿಸುತ್ತಿದ್ದರು. ನಿಮ್ಮ ಚಕ್ಕುಲಿ ಕಸದ ಬುಟ್ಟಿಗೆ ಹೋಗುವುದನ್ನು ನಾನು ನೋಡಲಾರೆ. ಅಂಗಡಿಯ ಸೀಲ್ ಒಡೆಯದ ಪೊಟ್ಟಣವಾದರೆ ತೊಂದರೆಯಿಲ್ಲ: ಚಿಕ್ಕಿ, ಮಿಕ್ಸ್ಚರ್, ಫಿಲ್ಟರ್ ಕಾಫಿಯ ಘಮ ಇರುವ ಇನ್‌ಸ್ಟಂಟ್ ಕಾಫಿಯ ಸಣ್ಣ ಸ್ಯಾಷೆಗಳು. ಒಂದು ಸಂಕ್ರಾಂತಿಯಲ್ಲಿ ಅಂಗಡಿಯ ಎಳ್ಳುಬೆಲ್ಲದ ಪೊಟ್ಟಣವೊಂದು ನನಗೆ ಸಿಕ್ಕಿತ್ತು. ಲಾಂಡ್ರಿಯ ಮಂಗಳೂರಿನ ಹುಡುಗ, ಇಂಡೋನೇಷ್ಯಾದ ಇಬ್ಬರು, ನಾನು, ನಾಲ್ವರೂ ಲಿನನ್ ಕೋಣೆಯಲ್ಲಿ ನಿಂತೇ ತಿಂದೆವು. ಕೊಬ್ಬರಿಯ ಚೂರು ಯಾರಿಗೆ ಹೆಚ್ಚು ಬಂತು ಎಂದು ಚರ್ಚೆಯೂ ಆಯಿತು.

ಮದ್ಯದ ಬಾಟಲಿ ಕೊಡಬೇಡಿ, ಪಡೆದವನ ಕೆಲಸಕ್ಕೇ ಕುತ್ತು ಬರಬಹುದು. ಬೆಲೆಬಾಳುವ ವಸ್ತು ಕೊಡುವುದಾದರೆ "ಇದನ್ನು ಇಂಥವರಿಗೆ ನಾನೇ ಕೊಟ್ಟಿದ್ದೇನೆ" ಎಂದು ಕೋಣೆಯ ಸಂಖ್ಯೆ ಸಹಿತ ಒಂದು ಚೀಟಿ ಬರೆದುಕೊಡಿ. ಸಿಬ್ಬಂದಿ ಬಂದರಿನಲ್ಲಿ ಇಳಿಯುವಾಗ ಚೀಲವನ್ನು ತಪಾಸಣೆ ಮಾಡುತ್ತಾರೆ. ಚೀಟಿ ಇಲ್ಲದಿದ್ದರೆ ಉಡುಗೊರೆ ಕಳವಿನಂತೆ ಕಾಣುತ್ತದೆ. ದೊಡ್ಡ ಬೊಂಬೆ, ಗಾಜಿನ ಫ್ರೇಮು ಬೇಡವೇ ಬೇಡ. ಇಡಲು ಜಾಗವಿಲ್ಲ, ವಿಮಾನದಲ್ಲಿ ಒಯ್ಯಲು ತೂಕದ ಮಿತಿ ಬಿಡುವುದಿಲ್ಲ.

ನಾವಿಕನಿಗೆ ಏನು ಬೇಕು ಎಂಬುದನ್ನು ಬಂದರಿನ ಸೇವಾಸಂಸ್ಥೆಗಳು ಬಹಳ ಹಿಂದೆಯೇ ತಿಳಿದಿವೆ. ನ್ಯೂಯಾರ್ಕಿನ ಸೀಮೆನ್ಸ್ ಚರ್ಚ್ ಇನ್‌ಸ್ಟಿಟ್ಯೂಟ್ 1898ರಿಂದ 'ಕ್ರಿಸ್ಮಸ್ ಅಟ್ ಸೀ' ಎಂಬ ಹೆಸರಿನಲ್ಲಿ ಸ್ವಯಂಸೇವಕರು ಹೆಣೆದ ಉಣ್ಣೆಯ ಟೋಪಿ, ಮಫ್ಲರುಗಳನ್ನು ನಾವಿಕರಿಗೆ ಹಂಚುತ್ತ ಬಂದಿದೆ. ಬೇರೊಂದು ಬಂದರಿನಲ್ಲಿ ಒಮ್ಮೆ ನನಗೂ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೊಟ್ಟಣ ಸಿಕ್ಕಿತ್ತು: ಕಾಲುಚೀಲ, ಸೋಪು, ಪೇಸ್ಟು, ಬಾಚಣಿಗೆ, ಕೈಬರಹದ ಒಂದು ಕಾರ್ಡು. ಕಾಲುಚೀಲ ಎರಡು ಕರಾರು ಬಾಳಿತು.

ಹಣಕ್ಕಿಂತ ದೂರ ಹೋಗುವ ಕೊಡುಗೆ ಇನ್ನೊಂದಿದೆ. ಇಳಿದ ಮೇಲೆ ಕಂಪನಿಯಿಂದ ಇಮೇಲಿನಲ್ಲಿ ಪ್ರಶ್ನಾವಳಿ ಬರುತ್ತದೆ. "ಸಿಬ್ಬಂದಿ ತುಂಬಾ ಒಳ್ಳೆಯವರು" ಎಂದು ಬರೆದರೆ ಅದು ಗಾಳಿಗೆ ಹೋದಂತೆ. ಹೆಸರು, ಕೆಲಸ, ಕೋಣೆಯ ಸಂಖ್ಯೆ, ಏನು ಮಾಡಿದರು ಎಂಬ ಒಂದು ಸಾಲು, ಇಷ್ಟನ್ನು ಬರೆಯಿರಿ. ಹೆಸರು ಬಂದ ಕಾಗದ ಮೇಲ್ವಿಚಾರಕನ ಮೇಜಿಗೆ ಬರುತ್ತದೆ, ಮುಂದಿನ ಕರಾರು ಮತ್ತು ಬಡ್ತಿಯ ಹೊತ್ತಿಗೆ ಮಾತಾಡುತ್ತದೆ. ನನ್ನ ಬಡ್ತಿ ಬಂದದ್ದೂ ಹಾಗೆಯೇ. ಬ್ಯಾಡ್ಜಿನ ಮೇಲಿನ ಹೆಸರನ್ನು ಮೊದಲ ದಿನವೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ಮನೆಗೆ ಬಂದ ಮೇಲೆ ಅಕ್ಷರ ನೆನಪಿರುವುದಿಲ್ಲ.

ನನಗೆ ಸಿಕ್ಕ ಉಡುಗೊರೆಗಳಲ್ಲಿ ದೊಡ್ಡದು ಯಾವುದು ಎಂದು ಕಳೆದ ವಾರ ಒಬ್ಬರು ಕೇಳಿದರು. 2019ರ ಬಲಿಪಾಡ್ಯಮಿಯದು. ಅಕ್ಟೋಬರ್ 28, ಸೋಮವಾರ, ಹಡಗು ಕೆರಿಬಿಯನ್ ಸಮುದ್ರದ ಕಡೆಗೆ ಸಾಗುತ್ತಿತ್ತು. ಹಿಂದಿನ ದಿನ ಹತ್ತಿದ್ದ ಹಿರಿಯ ಹೆಂಗಸೊಬ್ಬರು, ಕೆನಡಾದವರು, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದ್ದರು. ನಾಳೆ ಹಬ್ಬ, ನಾಲ್ಕು ವರ್ಷದ ಮಗಳಿದ್ದಾಳೆ, ಅವಳು ದೀಪ ಹಚ್ಚುವ ಆರೂವರೆಗೆ ಇಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ, ಆಗ ನಾನು ನಿಮ್ಮ ಸಾಲಿನ ಕೋಣೆಗಳಲ್ಲೇ ಇರುತ್ತೇನೆ ಎಂದಿದ್ದೆ. ಮರುದಿನ ಎಂಟೂವರೆಗೆ ಹೋದರೆ ಅವರ ಬಾಗಿಲಿಗೆ ಒಂದು ಕಾಗದ: ಬೆಳಿಗ್ಗೆ ಕೋಣೆ ಸರಿಮಾಡುವುದು ಬೇಡ, ಸಂಜೆ ಬಂದರೆ ಸಾಕು. ಪಕ್ಕದ ಬಾಗಿಲಿಗೂ ಅದೇ ಕಾಗದ, ಅದರಾಚೆಯ ಎರಡಕ್ಕೂ ಅದೇ. ಅವರ ಗೆಳತಿಯರೆಲ್ಲ ಆ ನಾಲ್ಕು ಕೋಣೆಗಳಲ್ಲಿದ್ದರು. ನನ್ನನ್ನು ಯಾರೂ ಗದರಬಾರದೆಂದು ಮೇಲ್ವಿಚಾರಕನಿಗೂ ಅವರೇ ಹೇಳಿದ್ದರು. ಒಂದು ಗಂಟೆಗೂ ಹೆಚ್ಚು ಹೊತ್ತು ನನ್ನದಾಯಿತು. ಕೆಳಗೆ ಓಡಿ, ಇಂಟರ್ನೆಟ್ ಕಾರ್ಡು ಕೊಂಡು, ಮೆಸ್ಸಿನ ಮೂಲೆಯಲ್ಲಿ ಕುಳಿತೆ. ಮಗಳು ನನ್ನ ಕಡೆ ತಿರುಗಲೂ ಇಲ್ಲ, ಸುರುಸುರುಬತ್ತಿಯನ್ನೇ ನೋಡುತ್ತಿದ್ದಳು. ಪರದೆಯಲ್ಲಿ ಕಂಡದ್ದು ಅವಳ ಮೊಣಕೈ, ಹೊಸ ಲಂಗದ ಅಂಚು, ಹೊಸ್ತಿಲಿನ ಮೇಲೆ ಎರಡು ಹಣತೆ. ನಲವತ್ತು ನಿಮಿಷ ನೋಡಿದೆ.

ಈ ವರ್ಷ ನಮ್ಮ ಪಕ್ಕದ ಮನೆಯ ಅಕ್ಕ ಕುಟುಂಬ ಸಮೇತ ಡಿಸೆಂಬರ್ 22ಕ್ಕೆ ಹೊರಡುತ್ತಿದ್ದಾರೆ. ನಿನ್ನೆ ಬಂದು ಸೂಟ್‌ಕೇಸ್ ತೆರೆದು ತೋರಿಸಿದರು: ಐದು ಹತ್ತು ಡಾಲರಿನ ನೋಟುಗಳು, ಆರು ಮುಯ್ಯಿ ಕವರು, ಸೀಲಿರುವ ಚಿಕ್ಕಿಯ ಎಂಟು ಪೊಟ್ಟಣ, ದಪ್ಪ ಕಾಲುಚೀಲದ ನಾಲ್ಕು ಜೊತೆ. ದಿನದ ಗ್ರಾಚ್ಯುಯಿಟಿಯನ್ನು ಟಿಕೆಟ್ಟಿನ ಜೊತೆಗೇ ಕಟ್ಟಿದ್ದಾರಂತೆ. "ಕ್ರಿಸ್ಮಸ್ ದಿನ ಬೆಳಿಗ್ಗೆ ನಮ್ಮ ಹಾಸಿಗೆಯನ್ನು ನಾವೇ ಸರಿಮಾಡಿಕೊಳ್ಳುತ್ತೇವೆ. ಆ ಹುಡುಗನ ಊರಿನಲ್ಲಿ ಆಗ ಎಷ್ಟು ಗಂಟೆ ಎಂದು ಮೊದಲು ಕೇಳಬೇಕು, ಅಲ್ಲವೇ?" ಎಂದರು.