ಕಾಟ್ಸ್‌ವೋಲ್ಡ್ಸ್‌ಗೆ ಹೊರಟಿದ್ದೀರಾ? ಊರುಗಳ ಪಟ್ಟಿಯನ್ನು ಅರ್ಧಕ್ಕಿಳಿಸಿ

ಲಂಡನ್‌ಗೆ ಬಂದ ನಮ್ಮವರು ತುಂಬಾ ಜನ ಇಂಗ್ಲೆಂಡಿನ ಹಳ್ಳಿಗಾಡಾದ ಕಾಟ್ಸ್‌ವೋಲ್ಡ್ಸ್‌ಗೆ ಅಂತ ಒಂದೇ ದಿನ ಎತ್ತಿಡುತ್ತಾರೆ. ಬೆಳಿಗ್ಗೆ ಕೋಚ್, ಅಂದರೆ ಟೂರಿಸ್ಟ್ ಬಸ್ಸು, ಹತ್ತುವುದು, ನಾಲ್ಕೈದು ಊರಲ್ಲಿ ಇಳಿದು ಫೋಟೊ ಹೊಡೆಯುವುದು, ರಾತ್ರಿ ವಾಪಸ್. ಹಾಗೆ ಹೋದರೆ ಮೂರನೇ ಊರಿನ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣಿಸಿ ಬೇಜಾರಾಗುತ್ತದೆ. ಒಂದೇ ಥರ ಕಾಣುವುದೂ ನಿಜ. ಅಲ್ಲೇ ನೆಲದಡಿ ಸಿಗುವ ಜೇನು ಬಣ್ಣದ ಸುಣ್ಣಕಲ್ಲಲ್ಲೇ ಮನೆ, ಚರ್ಚು, ಹೊಲದ ಗೋಡೆ ಎಲ್ಲಾ ಕಟ್ಟಿದ್ದಾರೆ, ಎಷ್ಟೋ ಕಡೆ ಮಾಡಿನ ಹೆಂಚೂ ಕಲ್ಲಿನದೇ. ಆದ್ದರಿಂದ ನನ್ನ ಸಲಹೆ ಇಷ್ಟೇ: ಎರಡು ರಾತ್ರಿ ಒಂದೇ ಊರಲ್ಲಿ ಉಳಿಯಿರಿ, ಹತ್ತಿರದ ಎರಡು ಮೂರು ಊರು ಆರಿಸಿಕೊಳ್ಳಿ, ಅದರಲ್ಲಿ ಒಂದಕ್ಕಾದರೂ ನಡೆದೇ ಹೋಗಿ. ಇದು ಸುಮಾರು 2,000 ಚದರ ಕಿಲೋಮೀಟರ್ ಇರುವ ಪ್ರದೇಶ, ಪೂರ್ತಿ ನೋಡಿ ಮುಗಿಸುವ ಮಾತೇ ಇಲ್ಲ.

ಕಾರಿಲ್ಲದೆ ಹೋಗುವವರಿಗೆ ಮೋರ್ಟನ್ ಇನ್ ಮಾರ್ಶ್ ಸುಲಭ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ನೇರ ರೈಲಿದೆ, ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಬೆಳಗಿನ ಆಫೀಸ್ ರಶ್ ಮುಗಿದ ಮೇಲಿನ ಆಫ್ ಪೀಕ್ ಟಿಕೆಟ್ ತೆಗೆದುಕೊಂಡರೆ ಒಳ್ಳೆಯ ಉಳಿತಾಯ. ಮಂಗಳವಾರ ಅಲ್ಲಿ ಸಂತೆ. ಅಲ್ಲಿಂದ 801 ನಂಬರಿನ ಬಸ್ಸು ಸ್ಟೋ ಆನ್ ದ ವೋಲ್ಡ್, ಬೋರ್ಟನ್ ಆನ್ ದ ವಾಟರ್ ದಾಟಿ ಚೆಲ್ಟನ್‌ಹ್ಯಾಮ್‌ಗೆ ಹೋಗುತ್ತದೆ. ಕೊನೆಯ ಬಸ್ಸು ಬೇಗ ಹೊರಟುಬಿಡುತ್ತದೆ, ಭಾನುವಾರದ ಬಸ್ಸನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಹೊರಡುವ ಹಿಂದಿನ ದಿನ ವೇಳಾಪಟ್ಟಿ ಇನ್ನೊಮ್ಮೆ ನೋಡಿಕೊಳ್ಳಿ. ಸ್ಟೇಷನ್ ಹೊರಗೆ ಟ್ಯಾಕ್ಸಿಗಳು ಸಾಲಾಗಿ ನಿಂತಿರುತ್ತವೆ ಅಂದುಕೊಳ್ಳಬೇಡಿ, ಮೊದಲೇ ಬುಕ್ ಮಾಡಬೇಕು.

ಮೂರ್ನಾಲ್ಕು ಜನ ಇದ್ದರೆ ಕಾರೇ ವಾಸಿ. ಅಲ್ಲೂ ಎಡಗಡೆಯೇ ಓಡಿಸುವುದು, ನಮ್ಮ ದೇಶದ ಲೈಸೆನ್ಸ್ ಒಂದು ವರ್ಷದವರೆಗೆ ನಡೆಯುತ್ತದೆ, ಆದರೆ ಬಾಡಿಗೆ ಕಂಪನಿಯವರ ಷರತ್ತುಗಳು ಬೇರೆ ಇರುತ್ತವೆ, ಓದಿಕೊಳ್ಳಿ. ಗೇರ್ ಬೇಡ ಅನ್ನುವವರು ಆಟೊಮ್ಯಾಟಿಕ್ ಬೇಕೆಂದು ಬುಕಿಂಗ್‌ನಲ್ಲೇ ಹೇಳಬೇಕು. ಹೆದ್ದಾರಿ ಬಿಟ್ಟಮೇಲೆ ಸಿಗುವ ಓಣಿಗಳಲ್ಲಿ ಒಂದೇ ಗಾಡಿಗೆ ಜಾಗ, ಎರಡೂ ಕಡೆ ಬೇಲಿ ಅಥವಾ ಕಲ್ಲಿನ ಗೋಡೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಒಬ್ಬರು ಹಿಂದೆ ಹೋಗಿ ರಸ್ತೆ ಅಗಲವಾಗಿರುವ ಕಡೆ ನಿಲ್ಲಬೇಕು. ಹಾರ್ನ್ ಹೊಡೆಯುವವರು ಯಾರೂ ಕಾಣಲಿಲ್ಲ, ಕೈ ಎತ್ತಿ ಥ್ಯಾಂಕ್ಸ್ ಹೇಳುವವರೇ ಎಲ್ಲಾ.

ಬೋರ್ಟನ್‌ನಲ್ಲಿ ಮಧ್ಯಾಹ್ನ ಜಾತ್ರೆಯಂಥ ಜನ. ಊರ ನಡುವೆ ವಿಂಡ್‌ರಶ್ ಹೊಳೆ ಮೊಣಕಾಲುದ್ದವೂ ಇಲ್ಲದಂತೆ ಹರಿಯುತ್ತದೆ, ಮೇಲೆ ತಗ್ಗಿನ ಕಲ್ಲು ಸೇತುವೆಗಳು. ಮಕ್ಕಳಿದ್ದರೆ 1937ರಲ್ಲಿ ತೆರೆದ ಮಾದರಿ ಹಳ್ಳಿಗೆ ಹೋಗಿ. ಇಡೀ ಊರನ್ನು ಒಂಬತ್ತನೇ ಒಂದು ಅಳತೆಯಲ್ಲಿ ಕಟ್ಟಿದ್ದಾರೆ, ಅದರೊಳಗೆ ಆ ಮಾದರಿಯದೇ ಇನ್ನೊಂದು ಪುಟ್ಟ ಮಾದರಿ ಇದೆ, ದೊಡ್ಡವರೂ ಬಗ್ಗಿ ಬಗ್ಗಿ ನೋಡುತ್ತಿರುತ್ತಾರೆ. ಅದು ಮುಗಿದ ಮೇಲೆ ಗಲಾಟೆ ಬಿಟ್ಟು ಲೋವರ್ ಸ್ಲಾಟರ್ ಕಡೆಗೆ ಕಾಲುದಾರಿ ಹಿಡಿಯಿರಿ. ಅರ್ಧ ಗಂಟೆ ನಡಿಗೆ ಅಷ್ಟೇ. ಅಲ್ಲಿ ಹೊಳೆಯ ಪಕ್ಕ ಹಳೆಯ ಗಿರಣಿ ಇದೆ. ಹಾಗೇ ಮುಂದೆ ನಡೆದರೆ ಅಪ್ಪರ್ ಸ್ಲಾಟರ್. ಎರಡು ಮಹಾಯುದ್ಧಗಳಿಗೂ ಈ ಊರಿಂದ ಹೋದವರೆಲ್ಲ ಜೀವಂತ ಮರಳಿದರು. ಇಂಗ್ಲೆಂಡಿನ ಊರೂರಲ್ಲಿ ಸತ್ತ ಸೈನಿಕರ ಹೆಸರು ಕೆತ್ತಿದ ಕಲ್ಲು ನೋಡಿಕೊಂಡು ಬಂದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತಾಗುತ್ತದೆ. ತಿನ್ನಲು ಕುಡಿಯಲು ಬೋರ್ಟನ್‌ನಲ್ಲೇ ತೆಗೆದುಕೊಂಡು ಹೊರಡಿ.

ಈ ಕಾಲುದಾರಿಗಳು ಯಾರದೋ ಹೊಲದ ನಡುವೆಯೇ ಹೋಗುತ್ತವೆ. ಬೈಯುತ್ತಾರೇನೋ ಅಂತ ನಮಗೆ ಅಳುಕು, ಅಲ್ವಾ? ಹೆದರಬೇಡಿ, ಸಾರ್ವಜನಿಕರು ನಡೆಯಲು ಕಾನೂನೇ ಹಕ್ಕು ಕೊಟ್ಟಿರುವ ದಾರಿಗಳವು, ಕಂಬಗಳ ಮೇಲೆ ಹಳದಿ ಬಾಣದ ಗುರುತು ಇರುತ್ತದೆ. ಗೇಟು ತೆಗೆದರೆ ಮುಚ್ಚಿ, ಕುರಿಗಳು ಮೇಯುತ್ತಿರುತ್ತವೆ. ಮಳೆ ಬಂದಿದ್ದರೆ ಕೆಸರು ಗ್ಯಾರಂಟಿ, ಬಿಳಿ ಸ್ನೀಕರ್ಸ್ ಬೇಡ.

ನನಗೆ ತುಂಬಾ ಹಿಡಿಸಿದ್ದು ಚಿಪಿಂಗ್ ಕ್ಯಾಂಪ್ಡೆನ್. ಇಲ್ಲಿಯ ಮುಖ್ಯ ಬೀದಿಯಲ್ಲಿ ಸುಮ್ನೆ ಓಡಾಡಿಕೊಂಡಿರುವುದೇ ಚೆಂದ. 1627ರ ಸಂತೆ ಮಂಟಪ ಇನ್ನೂ ನಿಂತಿದೆ, ನೆಲದ ಕಲ್ಲುಗಳು ಜನ ನಡೆದು ನಡೆದು ಏರುತಗ್ಗಾಗಿವೆ. ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಚರ್ಚ್ ಯಾಕೆ ಅನ್ನಿಸುತ್ತದೆ. ಉಣ್ಣೆ ವ್ಯಾಪಾರದ ದುಡ್ಡು ಅದು. ಮಧ್ಯಯುಗದಲ್ಲಿ ಈ ಸೀಮೆಯ ಕುರಿ ಉಣ್ಣೆ ಯುರೋಪಿಗೆಲ್ಲ ಹೋಗುತ್ತಿತ್ತು. ಆಮೇಲೆ ಆ ವ್ಯಾಪಾರ ಕುಸಿಯಿತು, ಹೊಸದಾಗಿ ಕೆಡವಿ ಕಟ್ಟುವಷ್ಟು ಹಣ ಇರಲಿಲ್ಲ, ಹಾಗಾಗಿಯೇ ಎಷ್ಟೋ ಹಳೆಯ ಮನೆಗಳು ಉಳಿದವು. ಬಾತ್ ನಗರದವರೆಗಿನ 102 ಮೈಲಿಯ ಕಾಟ್ಸ್‌ವೋಲ್ಡ್ ವೇ ನಡಿಗೆ ದಾರಿ ಶುರುವಾಗುವುದೂ ಇಲ್ಲೇ. ಪೂರ್ತಿ ಬೇಡ, ಮೊದಲ ಮೈಲಿ ಹತ್ತಿ ಡೋವರ್ಸ್ ಹಿಲ್‌ನಿಂದ ಕೆಳಗಿನ ಬಯಲು ನೋಡಿ ಬನ್ನಿ.

ಬೈಬರಿ ಅನ್ನುವ ಊರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಫೋಟೊಗಳಲ್ಲಿ ಕಾಣುವ ಅಲ್ಲಿಯ ಮನೆಸಾಲು ಆರ್ಲಿಂಗ್ಟನ್ ರೋ ಮೊದಲು 14ನೇ ಶತಮಾನದ ಉಣ್ಣೆ ಉಗ್ರಾಣ, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದವು. ಚೆನ್ನಾಗಿದೆ, ಆದರೆ ಬರೀ ಅದಕ್ಕೋಸ್ಕರ ಬಸ್ಸು ಬದಲಿಸಿಕೊಂಡು ಹೋಗುವುದು ಬೇಡ. ಕಾರಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಜನ ವಾಸ ಮಾಡುವ ಮನೆಗಳವು, ಕಿಟಕಿಯಲ್ಲಿ ಇಣುಕಬೇಡಿ. ಅದಕ್ಕಿಂತ ಬರ್ಫರ್ಡ್ ಊರಿನ ಚರ್ಚ್ ಒಳಗೆ ಹೋಗಿ ಅಂತೀನಿ. 1649ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿದ ಸೇನಾನಾಯಕ ಕ್ರಾಮ್‌ವೆಲ್ ತನ್ನದೇ ಸೈನ್ಯದ ಬಂಡಾಯಗಾರರನ್ನು ಅಲ್ಲಿ ಕೂಡಿಹಾಕಿ, ಮೂವರನ್ನು ಗುಂಡಿಟ್ಟು ಕೊಲ್ಲಿಸಿದ. ಒಬ್ಬ ಕೈದಿ ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಗೀಚಿದ ಹೆಸರು ಇವತ್ತಿಗೂ ಓದಬಹುದು.

ಊಟದ ಹೊತ್ತು ತಪ್ಪಿಸಬೇಡಿ. ಎಷ್ಟೋ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಆರಕ್ಕೆ. ಭಾನುವಾರ ಟೇಬಲ್ ಮೊದಲೇ ಹೇಳಿಡಿ. ಸಸ್ಯಾಹಾರ ಸಿಗುತ್ತದೆ, ಸೂಪಿನ ಸ್ಟಾಕ್, ಅಂದರೆ ಕುದಿಸಿ ತೆಗೆದ ರಸ, ಯಾವುದರದ್ದು ಅಂತ ಮಾತ್ರ ಕೇಳಿ.

ಹೋಗಲು ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಕೋಚ್‌ಗಳು ಹೊರಟ ಮೇಲೆ ಊರೆಲ್ಲ ನಿಮ್ಮದೇ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು. ಶನಿವಾರ ರೂಮು ಬೇಕೆಂದರೆ ಎಷ್ಟೋ ಕಡೆ ಎರಡು ರಾತ್ರಿ ಬುಕ್ ಮಾಡಲೇಬೇಕು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಕಡಿಮೆ, ಮೆಟ್ಟಿಲೂ ಕಡಿದು. ದೊಡ್ಡ ಸೂಟ್‌ಕೇಸ್ ಲಂಡನ್ನಿನಲ್ಲೇ ಬಿಟ್ಟು ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೊರಡಿ.